ಎಂಟು ದಿನದ ಹರಳು

ನಮ್ಮಪ್ಪ ನಿಂಗಯ್ಯ ಮುಟ್ಟಿದ್ದೆಲ್ಲ ಗಂಧದ ವಾಸನೆ ಹೊಡೆಯುತ್ತಿತ್ತು. ಕೇಳಿದವರು ಆಹಾ, ಎಂಥ ಪುಣ್ಯ ಎನ್ನುತ್ತಾರೆ. ಹಾಗೆನ್ನುವವರು ಒಂದು ದಿನ ಗಂಧದ ವಾಸನೆಯ ಹುರುಳಿಸಾರು ಉಂಡು ನೋಡಬೇಕು. ಅಪ್ಪ ಮೈಸೂರಿನ ಗಂಧದೆಣ್ಣೆ ಕಾರ್ಖಾನೆಯಲ್ಲಿ ಬಟ್ಟಿ ಇಳಿಸುವ ಕಡೆ ಕೆಲಸ ಮಾಡುತ್ತಿದ್ದ. ಸಂಜೆ ಒಂಟಿಕೊಪ್ಪಲಿನ ನಮ್ಮ ವಠಾರಕ್ಕೆ ಸೈಕಲ್ಲಿನಲ್ಲಿ ಬಂದು, ಬಚ್ಚಲ ಕಲ್ಲಿಗೆ ಕೈ ಉಜ್ಜಿ ಉಜ್ಜಿ ತೊಳೆದರೂ ಬೆರಳ ಗೆರೆಗಳಲ್ಲಿ ಕೂತ ಎಣ್ಣೆ ಬಿಡುತ್ತಿರಲಿಲ್ಲ. ನನ್ನ ಸ್ಕೂಲು ಪುಸ್ತಕಕ್ಕೆ ಹೊದಿಕೆ ಹಾಕಿಕೊಟ್ಟರೆ ಅದರ ಮೇಲೆ ಅವನ ಹೆಬ್ಬೆಟ್ಟಿನ ಜಿಡ್ಡು ಗುರುತು. ಚಾಮುಂಡೇಶ್ವರಿ, ನಿನ್ನ ಪುಸ್ತಕವನ್ನು ಪೂಜೆಗೆ ಇಟ್ಟಿದ್ದೆಯಾ ಎಂದು ಮೇಡಮ್ಮು ಕ್ಲಾಸಿನ ಮುಂದೆ ನಗಾಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವನಿಗೆ ಇನ್ನೊಂದು ಗುಣವಿತ್ತು, ಅದು ಈ ವಾಸನೆಗಿಂತ ದೊಡ್ಡ ಕಾಟ. ಯಾವುದನ್ನೂ ಸುಮ್ಮನೆ ನಂಬುವ ಆಸಾಮಿಯಲ್ಲ. ಗಡಿಗೆ ಕೊಳ್ಳುವಾಗ ಬಡಿದು ನೋಡುವುದು ಎಲ್ಲರೂ ಮಾಡುವುದೇ. ನಮ್ಮಪ್ಪ ಬಡಿದು, ನೀರು ತುಂಬಿಸಿ, ಸೋರುತ್ತದೋ ಎಂದು ಕುಂಬಾರನ ಮುಂದೆ ಅರ್ಧ ಗಂಟೆ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಕುಂಬಾರ ಶಾಪ ಹಾಕುತ್ತಿದ್ದ, ನಾನು ನಾಚಿಕೆಯಿಂದ ರಸ್ತೆಯ ಆ ಬದಿಗೆ ಹೋಗಿ ನಿಲ್ಲುತ್ತಿದ್ದೆ. ನಿಮ್ಮಪ್ಪ ಪರೀಕ್ಷೆ ಮಾಡದೆ ಮನೆಗೆ ತಂದದ್ದು ನನ್ನೊಬ್ಬಳನ್ನೇ ಎಂದು ಅವ್ವ ಛೇಡಿಸುತ್ತಿದ್ದಳು.

ನಮ್ಮವ್ವ ಕೆಂಚಮ್ಮ. ಅವಳ ಮೂಗಿನಲ್ಲಿ ಒಂದು ಕಾಲಕ್ಕೆ ಒಂಟಿ ವಜ್ರದ ಮೂಗುಬೊಟ್ಟು ಇತ್ತು. ನಾಲೆಯ ಕೆಳಗೆ ಕಬ್ಬು ಬೆಳೆಯುತ್ತಿದ್ದ ನಮ್ಮ ತಾತ ಬೆಲ್ಲಕ್ಕೆ ಬೆಲೆ ಬಂದ ವರ್ಷ ಮಗಳ ಮದುವೆಗೆ ಮಾಡಿಸಿಕೊಟ್ಟದ್ದು. ನಲವತ್ತೇಳನೇ ಇಸವಿಯಲ್ಲಿ ನನಗೆ ಎಂಟು ವರ್ಷ. ಆಗ ಗಿರಣಿಯಲ್ಲಿದ್ದ ಅಪ್ಪ, ಜವಾಬ್ದಾರಿ ಸರ್ಕಾರ ಬೇಕು ಎನ್ನುವ ಚಳವಳಿಯಲ್ಲಿ ಕೂಗಿಕೊಂಡು ಹೋಗಿ ಜೈಲು ಸೇರಿದ. ಐದು ವಾರ ಸಂಬಳವಿಲ್ಲ. ಅವನು ಗಡ್ಡ ಬಿಟ್ಟುಕೊಂಡು ವಾಪಸು ಬಂದಾಗ ಅವ್ವನ ಮೂಗಿನಲ್ಲಿ ವಜ್ರವಿರಲಿಲ್ಲ. ತೂತು ಮುಚ್ಚಿಹೋಗದಿರಲಿ ಎಂದು ಒಂದು ಚೂರು ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದಳು.

ಅಪ್ಪ ಆ ಕಡ್ಡಿಯನ್ನೇ ನೋಡುತ್ತ ನಿಂತ. ಈಶ್ವರಿ ಉಣ್ಣಬೇಕಲ್ಲ ಎಂದಷ್ಟೇ ಅವ್ವ ನನ್ನ ಕಡೆ ನೋಡಿ ಹೇಳಿ ಮುದ್ದೆಗೆ ಎಸರಿಟ್ಟಳು. ಅದಕ್ಕಿಂತ ಒಳ್ಳೆಯದನ್ನು ತಂದು ಹಾಕುತ್ತೇನೆ ಎಂದು ಅವನು ಮಾತು ಕೊಟ್ಟ. ಹೂಂ, ಹಾಕಿ, ಕಡ್ಡಿ ಏನು ಚುಚ್ಚುವುದಿಲ್ಲ ಎಂದಳು. ಒಂಬತ್ತು ವರ್ಷ ಅವಳು ಆ ಕಡ್ಡಿ ಬದಲಾಯಿಸುತ್ತ ಬಂದಳು, ಒಂಬತ್ತು ವರ್ಷ ಅವನು ಚೀಟಿ ಕಟ್ಟುತ್ತ ಬಂದ.

ಐವತ್ತಾರರಲ್ಲಿ ಅವ್ವ ಕ್ಷಯದ ಆಸ್ಪತ್ರೆ ಸೇರಿದಳು. ಕೆಮ್ಮನ್ನು ಎರಡು ವರ್ಷ ಸೆರಗಿನಲ್ಲಿ ಮುಚ್ಚಿಟ್ಟವಳು, ಹೋದದ್ದು ತಡವಾಗಿ. ಆಷಾಢ ಕಳೆದ ಮೇಲೆ ಒಂದು ಭಾನುವಾರ ಡಾಕ್ಟರು ಅಪ್ಪನನ್ನು ವರಾಂಡಕ್ಕೆ ಕರೆದು ಮಾತಾಡಿದರು. ಕಂಬದ ಈಚೆ ನಾನಿದ್ದೆ. ಎರಡೂ ಕಡೆ ಶ್ವಾಸಕೋಶ ಹೋಗಿದೆ, ಸೂಜಿಮದ್ದು ಕೊಡುತ್ತಿದ್ದೇವೆ, ಆದರೆ ನೀವು ದಸರಾ ದೀಪಾವಳಿ ಎಂದು ದೂರದ ಲೆಕ್ಕ ಇಟ್ಟುಕೊಳ್ಳಬೇಡಿ ಎಂದರು. ಅಪ್ಪ ತಲೆ ಆಡಿಸಿದ. ಗೌರಿಹಬ್ಬಕ್ಕೆ ಇರ್ತಾಳಲ್ಲ ಸ್ವಾಮಿ ಎಂದು ಕೇಳಿದ. ಡಾಕ್ಟರು ಅವನ ಭುಜ ಮುಟ್ಟಿ ಒಳಗೆ ಹೋದರು.

ಅವತ್ತಿನಿಂದ ಅಪ್ಪನ ತಲೆಯಲ್ಲಿ ಒಂದೇ ಒಂದು. ಗೌರಿಹಬ್ಬದ ದಿನ ಕೆಂಚಮ್ಮ ಮೂಗಿಗೆ ವಜ್ರ ಹಾಕಿಕೊಳ್ಳಬೇಕು. ಕಡ್ಡಿ ಸಿಕ್ಕಿಸಿಕೊಂಡೇ ಅವಳು ಹೋಗಿಬಿಟ್ಟರೆ ತಾನು ಮನುಷ್ಯನೇ ಅಲ್ಲ. ಚೀಟಿಯನ್ನು ನಡುವಿನಲ್ಲೇ ಮುರಿಸಿ ಹಣ ಎತ್ತಿದ. ನನ್ನನ್ನು ಕೂರಿಸಿಕೊಂಡು, ನಿಮ್ಮವ್ವನಿಗೆ ಬಾಯಿ ಬಿಡಬೇಡ, ಗೊತ್ತಾದರೆ ಬೇಡ ಅನ್ನುತ್ತಾಳೆ, ಈಶ್ವರಿ ಮದುವೆಗೆ ಇಡಿ ಅನ್ನುತ್ತಾಳೆ ಎಂದು ಆಣೆ ಹಾಕಿಸಿಕೊಂಡ. ನಾನೂ ದೊಡ್ಡ ಬುದ್ಧಿವಂತೆಯ ಹಾಗೆ ಆಣೆ ಹಾಕಿದೆ. ಇವತ್ತಿಗೂ ಆ ಆಣೆಯನ್ನು ನೆನೆದರೆ ಕೆನ್ನೆಗೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ವಠಾರದ ಹಿಂದಿನ ಮನೆಯಲ್ಲಿ ಯೇಸುದಾಸಪ್ಪ ಇದ್ದರು. ಅಗ್ರಹಾರದ ಒಂದು ಅಂಗಡಿಯಲ್ಲಿ ಹರಳು ಕೂರಿಸುವ ಕೆಲಸ, ಅಪ್ಪನಿಗೆ ಜೀವದ ಗೆಳೆಯರು. ಅವರೇ ಜೊತೆಗೆ ಬಂದಿದ್ದರೆ ಈ ಕಥೆಯೇ ಇಲ್ಲ. ಆದರೆ ಆ ವಾರವೇ ಅವರು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ವೇಳಾಂಕಣ್ಣಿ ಮಾತೆಯ ಹಬ್ಬಕ್ಕೆ ಹೊರಟಿದ್ದರು, ಹರಕೆ. ಹತ್ತು ದಿನ ತಡಿ, ಬಂದ ಮೇಲೆ ಕೊಳ್ಳೋಣ ಎಂದರು. ಹತ್ತು ದಿನ ತಡೆದರೆ ಗೌರಿ ಬಂದು ಹೋಗಿರುತ್ತಾಳೆ. ಅಪ್ಪ ಕೇಳಲಿಲ್ಲ. ಆಗ ಅವರು ಜಗುಲಿಯ ಮೇಲೆ ಕೂತು, ಹರಳಿನ ಸಾಣೆ, ಅಂದರೆ ಅದರ ಮುಖಗಳನ್ನು ಕೊಯ್ದು ಉಜ್ಜಿದ ರೀತಿ, ನೋಡುವುದು ಹೇಗೆ ಎಂದು ಹೇಳಿಕೊಟ್ಟರು.

"ನೋಡು ನಿಂಗಯ್ಯ, ತೂಕ ಯಾರ್ ಬೇಕಾದ್ರೂ ನೋಡ್ತಾರೆ. ಹರಳಿನ ಜೀವ ಸಾಣೇಲಿ ಇರೋದು. ಒಳ್ಳೇ ಸಾಣೆ ಹಿಡಿದಿದ್ರೆ ಮೇಲಿಂದ ಒಳಕ್ಕೆ ಹೋದ ಬೆಳಕನ್ನ ಮೇಲಕ್ಕೇ ವಾಪಸ್ ಎಸೀತದೆ. ಕೆಟ್ಟ ಸಾಣೇದು ಕೆಳಕ್ಕೆ ಸೋರಿಸಿಬುಡ್ತದೆ."

ಮಿಕ್ಕದ್ದನ್ನು ಅಪ್ಪ ಬಾಯಿಪಾಠ ಮಾಡಿದ, ಕೇಳಿ ಕೇಳಿ ನನಗೂ ಬಂದುಬಿಟ್ಟಿತು. ಬಿಸಿಲಲ್ಲಿ ನೋಡಬಾರದು, ಬಿಸಿಲಲ್ಲಿ ಗಾಜೂ ಮಿಂಚುತ್ತದೆ, ಉತ್ತರದ ಕಿಟಕಿಯ ತಣ್ಣನೆ ಬೆಳಕಲ್ಲಿ ನೋಡಬೇಕು. ಹರಳಿಗೆ ಉಸಿರು ಊದಿದರೆ ಹಬೆ ತಕ್ಷಣ ಆರಬೇಕು. ಚಪ್ಪಟೆ ಮುಖ ಕೆಳಗೆ ಮಾಡಿ ಪೇಪರಿನ ಅಕ್ಷರದ ಮೇಲಿಟ್ಟರೆ ಅಕ್ಷರ ಕಾಣಬಾರದು, ಕಂಡರೆ ಬೆಳಕು ಸೋರುತ್ತಿದೆ ಎಂದರ್ಥ. ಮೇಲಿಂದ ನೋಡಿದಾಗ ನಡುವೆ ಮಂಕು ಬಿಳಿ ಬಳೆ ಕಂಡರೆ ಅದು ಮೀನುಗಣ್ಣು, ಸಾಣೆ ತೆಳುವಾಗಿದೆ. ನಡುವೆ ಕಪ್ಪಾಗಿ ಹಾಳುಬಾವಿಯ ಹಾಗೆ ಕಂಡರೆ ಸಾಣೆ ಆಳವಾಗಿದೆ. ಹರಳನ್ನು ಚಿಮಟದಲ್ಲೇ ಹಿಡಿಯಬೇಕು. ಚಿಮಟ ಏಕೆ ಎಂದು ಯೇಸುದಾಸಪ್ಪ ಹೇಳಲಿಲ್ಲ, ಕೆಳಗೆ ಬೀಳದಿರಲಿ ಅಂತ ಇರಬೇಕು ಎಂದು ಅಪ್ಪ ತಾನೇ ಅಂದುಕೊಂಡ. ತಮ್ಮ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟು ಅವರು ರೈಲು ಹತ್ತಿದರು.

ಬುಧವಾರ ಅಪ್ಪ ರಜೆ ಹಾಕಿ ನನ್ನನ್ನು ಕರೆದುಕೊಂಡು ಅಗ್ರಹಾರದ ಶಾಮಣ್ಣನವರ ಮನೆಗೆ ಹೋದ. ಬಿಡಿ ಹರಳು ಮಾರುವ ಮುದುಕರು, ಅಂಗಡಿಯಿಲ್ಲ, ನಡುಮನೆಯಲ್ಲೇ ವ್ಯಾಪಾರ. ಅವರು ಕಾಗದದ ಮಡಿಕೆ ಬಿಚ್ಚಿ ಚಿಮಟದಲ್ಲಿ ಒಂದು ಹರಳು ಎತ್ತಿ ಹಿಡಿದರು. ಸಾಸುವೆಗಿಂತ ದೊಡ್ಡದು, ಕೊತ್ತಂಬರಿ ಬೀಜಕ್ಕಿಂತ ಚಿಕ್ಕದು. ಉತ್ತರದ ಕಿಟಕಿಯ ಹತ್ತಿರ ತಂದಾಗ ಅದು ಕೆಂಪು, ನೀಲಿ, ಮತ್ತೆ ಬೆಳ್ಳಗೆ ಕಿಡಿ ಉಗುಳಿತು. ಅಪ್ಪ ಒಂದು ಪರೀಕ್ಷೆಯನ್ನೂ ಬಿಡಲಿಲ್ಲ. ಊದಿದ, ಹಬೆ ನಿಲ್ಲಲಿಲ್ಲ. ಪೇಪರಿನ ಮೇಲೆ ಇಡಿಸಿದ, ಅಕ್ಷರ ಕಾಣಲಿಲ್ಲ. ಮೀನುಗಣ್ಣೂ ಇಲ್ಲ, ಬಾವಿಯೂ ಇಲ್ಲ. ಶಾಮಣ್ಣನವರು ಅವನನ್ನು ನೋಡಿ ನಕ್ಕರು. ಎಂಟು ದಿನ ಮನೆಯಲ್ಲಿಟ್ಟು ನೋಡಿ, ಆಗಿ ಬಂದರೆ ಇಟ್ಟುಕೊಳ್ಳಿ, ಬರದಿದ್ದರೆ ಒಂದು ಮಾತೂ ಆಡದೆ ವಾಪಸು ತೆಗೆದುಕೊಳ್ಳುತ್ತೇನೆ, ಮುಂದಿನ ಬುಧವಾರ ದೀಪ ಹಚ್ಚುವುದರೊಳಗೆ ಹೇಳಿ ಎಂದರು. ವಜ್ರ ಮಾರುವವರಲ್ಲಿ ಆ ಪದ್ಧತಿ ಉಂಟು. ವಜ್ರ ಎಲ್ಲರ ಮನೆಗೂ ಒಗ್ಗುವುದಿಲ್ಲ, ಕೆಲವರನ್ನು ಎತ್ತುತ್ತದೆ, ಕೆಲವರನ್ನು ಮುಗಿಸುತ್ತದೆ ಎಂದು ಜನ ನಂಬುತ್ತಾರೆ.

ಬಂಗಾರದಲ್ಲಿ ಕೂರಿಸುವುದಕ್ಕೆ ಒಂದು ದಿನ ಸಾಕಾಗಿತ್ತು, ಶಾಮಣ್ಣನವರೇ ಮಾಡಿಸಿಕೊಡುತ್ತಿದ್ದರು. ಅವತ್ತೇ ಕೊಟ್ಟುಬಿಟ್ಟಿದ್ದರೆ ಭಾನುವಾರ ಅವ್ವನ ಮೂಗಿನಲ್ಲಿರುತ್ತಿತ್ತು. ನಮ್ಮಪ್ಪ ಕೊಡುತ್ತಾನೆಯೇ? ಎಂಟು ದಿನ ಇಟ್ಟು ನೋಡಿ ಎಂದಾಗ ಎಂಟು ದಿನವೂ ನೋಡುವವನು ಅವನು. ಆಗಲೂ ಹಬ್ಬಕ್ಕೆ ಎರಡು ದಿನ ಉಳಿಯುತ್ತದೆ ಎಂದು ಬೆರಳು ಮಡಿಸಿ ಎಣಿಸಿ ಕಾಗದದ ಮಡಿಕೆಯನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡ.

ಮನೆಗೆ ಬಂದವನು ಕದ ಹಾಕಿ ಹರಳನ್ನು ಹೊರತೆಗೆದ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ತಿರುಗಿಸಿದ. ಅಂಗೈ ಮೇಲಿಟ್ಟು ನನಗೆ ತೋರಿಸಿದ. ಒಂಬತ್ತು ವರ್ಷದಲ್ಲಿ ಅವನು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ನೋಡಿರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಂದು ಸಲ ನೋಡಿದ, ಸಂಜೆ ಬಂದು ಎರಡು ಸಲ ನೋಡಿದ.

ಗುರುವಾರ ಸಂಜೆ ಎರಡನೇ ಸಲ ನೋಡುವಾಗ ಅವನ ಮುಖ ಬದಲಾಯಿತು. ಹಬೆ ಆರುವುದು ಒಂಚೂರು ತಡವಾಯಿತೇ? ನೀನೂ ನೋಡು ಎಂದ. ನನಗೇನು ಗೊತ್ತು, ಇಲ್ಲಪ್ಪ, ಸರಿಯಾಗಿದೆ ಎಂದೆ. ಅವನು ಹರಳನ್ನು ತನ್ನ ಟವಲಿನಿಂದ ಒರೆಸಿ ಮತ್ತೆ ಊದಿದ. ಶುಕ್ರವಾರ ಬೆಳಿಗ್ಗೆ ಪೇಪರಿನ ಮೇಲಿಟ್ಟಾಗ ಒಂದು ಅಕ್ಷರದ ಕೊಂಬು ಮಸುಕಾಗಿ ಕಂಡಿತು. ಆ ಕೊಂಬು ನನಗೂ ಕಂಡಿತು. ಅಪ್ಪ ಅಂದು ತಿಂಡಿ ತಿನ್ನದೆ ಸೈಕಲ್ ಹತ್ತಿದ.

ಅಲ್ಲಿಂದಾಚೆ ಮನೆ ಮನೆಯಾಗಿ ಉಳಿಯಲಿಲ್ಲ. ಬೆಳಿಗ್ಗೆ ಎದ್ದರೆ ಹರಳು, ಸಂಜೆ ಬಂದರೆ ಹರಳು. ಕೈ ತೊಳೆಯುವುದಕ್ಕೂ ತಾಳ್ಮೆಯಿಲ್ಲ, ಸೈಕಲ್ ಒರಗಿಸಿದವನು ನೇರ ಕಿಟಕಿಯ ಹತ್ತಿರ. ಎಷ್ಟು ನೋಡಿದನೋ ಅಷ್ಟು ಅದು ಮಂಕಾಯಿತು. ಕಿಡಿ ಹೋಯಿತು, ಬಣ್ಣ ಹೋಯಿತು. ಶನಿವಾರ ನಡುವೆ ಕಪ್ಪು ಕಂಡಿತು, ಬಾವಿ ಎಂದ. ಅವನು ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿ ಒತ್ತಿ ಕಣ್ಣಿನ ಸುತ್ತ ಕೆಂಪು ಬಳೆ ಬಿದ್ದಿತ್ತು. ಶಾಮಣ್ಣ ಮೊದಲು ಒಳ್ಳೆಯದನ್ನು ತೋರಿಸಿ, ಮಡಿಚಿ ಕೊಡುವಾಗ ಬೇರೆಯದನ್ನು ಇಟ್ಟನೇ? ಇಲ್ಲ, ನಾವಿಬ್ಬರೂ ನೋಡುತ್ತಲೇ ಇದ್ದೆವು. ಹಾಗಾದರೆ ಅವತ್ತು ತನ್ನ ಕಣ್ಣಿಗೇ ಮಂಕು ಕವಿದಿತ್ತೇ? ಆಸೆಪಟ್ಟವನಿಗೆ ಗಾಜೂ ವಜ್ರದ ಹಾಗೆ ಕಾಣುತ್ತದೆ ಕಣೇ ಎಂದು ನನ್ನ ಮುಂದೆ ಕೂತು ಹೇಳಿದ.

ಶನಿವಾರ ಮಧ್ಯಾಹ್ನ ಇನ್ನೊಬ್ಬ ಹರಳಿನ ವ್ಯಾಪಾರಿಯ ಹತ್ತಿರ ಹೋದ. ಆ ಬೀದಿಯಲ್ಲಿ ಒಬ್ಬರು ಕೊಟ್ಟ ಹರಳಿನ ಬಗ್ಗೆ ಇನ್ನೊಬ್ಬರು ಬಾಯಿ ಬಿಡುವುದಿಲ್ಲ, ಅದೂ ಒಂದು ಪದ್ಧತಿ. ಆ ಮನುಷ್ಯ ಕಾಗದ ಬಿಚ್ಚಿ ಒಂದು ಕ್ಷಣ ನೋಡಿ, ಯಾರ ಹತ್ತಿರ ತಂದಿರಿ ಎಂದು ಕೇಳಿ, ಹೆಸರು ಕೇಳಿದ ಮೇಲೆ ಮಡಿಚಿ ವಾಪಸು ಕೊಟ್ಟ. ಏನಾದರೂ ಹೇಳಿ ಸ್ವಾಮಿ ಎಂದು ಅಪ್ಪ ಅಂಗಲಾಚಿದನಂತೆ. ತಂದಲ್ಲೇ ಕೇಳಿ ಎಂದು ಆತ ಒಳಗೆ ಹೋದನಂತೆ. ಅಪ್ಪನಿಗೆ ಅಷ್ಟು ಸಾಕಾಯಿತು. ಒಳ್ಳೆಯ ಹರಳಾಗಿದ್ದರೆ ಒಳ್ಳೆಯದು ಎನ್ನುವುದಕ್ಕೆ ಏನು ನೋವು?

ಇಷ್ಟೇ ಆಗಿದ್ದರೆ ತಂದಲ್ಲೇ ಬಿಸಾಕಿ ಬರುತ್ತಿದ್ದನೋ ಏನೋ. ಆದರೆ ಭಾನುವಾರ ಅವ್ವನನ್ನು ನೋಡಲು ಹೋದಾಗ ಅವಳಿಗೆ ಜ್ವರ ಏರಿತ್ತು, ಉಗುಳಿದಾಗ ರಕ್ತ ಹೆಚ್ಚಾಗಿತ್ತು. ಮಾತಾಡಲು ಶಕ್ತಿಯಿಲ್ಲದೆ ಕಣ್ಣಲ್ಲೇ ನಕ್ಕಳು. ವಾಪಸು ಬಂದಾಗ ಪಕ್ಕದ ಮನೆಯ ಮಂಜುಳಮ್ಮ ಅಪ್ಪನ ಮುಖ ನೋಡಿ ವಿಷಯವನ್ನು ಬಾಯಿ ಬಿಡಿಸಿದರು. ಹರಳನ್ನು ತೋರಿಸು ಎಂದರು. ಆಕೆ ಹುಟ್ಟಿದ ಮೇಲೆ ವಜ್ರ ಮುಟ್ಟಿದವರಲ್ಲ, ಆದರೂ ಹತ್ತಿರ ಹಿಡಿದು, ದೂರ ಹಿಡಿದು, ಒಳಗೆ ಗೆರೆ ಕಾಣುತ್ತಿದೆ, ಕಾಗೆಯ ಕಾಲಿನ ಹಾಗಿದೆ, ಕಾಕಪಾದ ಇದ್ದ ವಜ್ರ ಹೊಸಿಲು ದಾಟಿದರೆ ಮನೆಯ ಹೆಂಗಸು ಉಳಿಯುವುದಿಲ್ಲ ಎಂದುಬಿಟ್ಟರು. ಮೂಗಿಗಿಂತ ಮೂಗುತಿ ಭಾರ ಆಗಬಾರದು ನಿಂಗಯ್ಯ ಎಂದು ಗಾದೆಯನ್ನೂ ಸೇರಿಸಿದರು. ಅವರ ಬಾಯಿಗೆ ಬೀಗ ಹಾಕುವವರು ಆ ವಠಾರದಲ್ಲಿ ಯಾರೂ ಇರಲಿಲ್ಲ. ಅಪ್ಪ ಭೂತಗನ್ನಡಿ ಹಾಕಿ ನೋಡಿದ, ಅವನಿಗೂ ಗೆರೆ ಕಂಡಿತು.

ಹರಳು ಬಂದದ್ದು ಬುಧವಾರ, ಜ್ವರ ಏರಿದ್ದು ಗುರುವಾರದಿಂದ. ಅವನು ಬೆರಳು ಮಡಿಸಿ ಎಣಿಸಿದ. ಎಣಿಸಿದವನು ಎದ್ದು ಹೋಗಿ ಆ ಮಡಿಕೆಯನ್ನು ಹಿತ್ತಲ ನುಗ್ಗೆಮರದ ಕವಲಿನಲ್ಲಿ ಸಿಕ್ಕಿಸಿ ಬಂದ. ಹರಳು ಹೊಸಿಲ ಆಚೆಗಿರಲಿ ಎಂದು. ಐದು ನಿಮಿಷಕ್ಕೆ ಕಾಗೆ ಎತ್ತಿಕೊಂಡು ಹೋದರೆ ಎಂದು ತೆಗೆದು ತಂದ. ಮತ್ತೆ ಭಯವಾಗಿ ಮರಕ್ಕೆ ಹೋದ. ನನಗೆ ತಡೆಯಲಾರದ ಕೋಪ ಬಂತು. ಒಂದೋ ಇಟ್ಟುಕೋ, ಒಂದೋ ಕೊಟ್ಟು ಬಾ, ಈ ಬೊಂಬೆಯಾಟ ಸಾಕು ಎಂದು ಕೂಗಿದೆ. ಅವನು ಮರದ ಬುಡದಲ್ಲೇ ಕೂತು, ಟವಲನ್ನು ಬಾಯಿಗೆ ತುರುಕಿಕೊಂಡು ಅತ್ತ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ವಾಪಸ್ ಕೊಟ್ರೆ ಅವ್ಳ ಮೂಗಲ್ಲಿ ಕಡ್ಡೀನೇ ಗತಿ ಕಣವ್ವ. ಇಟ್ಕೊಂಡ್ರೆ ನಾನೇ ಅವ್ಳನ್ನ ಕೊಂದಂಗೆ. ನಾನ್ ಏನ್ ಮಾಡ್ಲಿ, ನೀನೇ ಹೇಳು" ಎಂದ.

ನಾನು ಹೋಗಿ ಅವನ ಪಕ್ಕ ಕೂತುಕೊಂಡೆ. ಸೋಮವಾರ, ಮಂಗಳವಾರ ಹಾಗೇ ಕಳೆದವು. ಬೇರೆ ಹರಳು ಹುಡುಕುವಷ್ಟು ದಿನವೂ ಉಳಿಯಲಿಲ್ಲ, ಕೊಟ್ಟವನನ್ನು ನಂಬುವಷ್ಟು ಧೈರ್ಯವೂ ಉಳಿಯಲಿಲ್ಲ. ಯೇಸುದಾಸಪ್ಪನ ಮನೆಯ ಬೀಗವನ್ನು ದಿನಕ್ಕೆ ನಾಲ್ಕು ಸಲ ಹೋಗಿ ನೋಡಿ ಬರುತ್ತಿದ್ದ, ತನ್ನಷ್ಟಕ್ಕೆ ತಾನೇ ತೆರೆದುಕೊಂಡಿರುತ್ತದೆ ಎನ್ನುವ ಹಾಗೆ.

ಬುಧವಾರ, ಎಂಟನೇ ದಿನ. ಅಪ್ಪ ವಾಪಸು ಕೊಡುವುದೆಂದು ತೀರ್ಮಾನಿಸಿದ್ದ. ಮಾತು ಕಮ್ಮಿಯಾಗಿತ್ತು, ಗಡ್ಡ ಬೆಳೆದಿತ್ತು, ಜೈಲಿನಿಂದ ಬಂದ ದಿನದ ಹಾಗೇ ಕಾಣುತ್ತಿದ್ದ. ಭಾನುವಾರದ ಹಾಗೆ ಬುಧವಾರವೂ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಲು ಬಿಡುವ ದಿನ, ಸಂಜೆ ನಾಲ್ಕರಿಂದ ಐದು. ಮೊದಲು ಅವ್ವನನ್ನು ನೋಡಿಕೊಂಡು ಆಮೇಲೆ ಅಗ್ರಹಾರಕ್ಕೆ ಹೋಗೋಣ ಎಂದ. ಸೈಕಲ್ಲಿನ ಹಿಂದೆ ನಾನು ಕೂತೆ. ದಾರಿಯುದ್ದಕ್ಕೂ ಅವನ ಒಂದು ಕೈ ಎದೆಯ ಜೇಬಿನ ಮೇಲೆಯೇ ಇತ್ತು.

ಅವ್ವನಿಗೆ ಅಂದು ಜ್ವರ ಇಳಿದಿತ್ತು. ದಿಂಬಿಗೆ ಒರಗಿ ಕೂತಿದ್ದಳು, ತಲೆ ಬಾಚಿಸಿಕೊಂಡಿದ್ದಳು. ಚೆನ್ನಾಗಾಗುತ್ತಿದ್ದಾಳೆ ಎಂದು ನಾನು ಅಂದುಕೊಂಡೆ. ಅಪ್ಪ ಸ್ಟೂಲಿನ ತುದಿಯಲ್ಲಿ ಕೂತು ಊಟ ಮಾಡಿದೆಯಾ, ಮದ್ದು ಕೊಟ್ಟರಾ ಎಂದು ಅದನ್ನೇ ಮೂರು ಸಲ ಕೇಳಿದ. ಅವ್ವ ಅವನನ್ನೇ ನೋಡುತ್ತಿದ್ದಳು.

"ಜೇಬಲ್ಲಿ ಏನದು? ಬಂದಾಗ್ಲಿಂದ ಮುಟ್ಕೋತಾನೇ ಇದೀರಲ್ಲ" ಎಂದಳು.

ಅವನು ಏನೂ ಇಲ್ಲ ಎಂದ. ಅವಳು ಕೈ ಚಾಚಿದಳು. ಹದಿನೆಂಟು ವರ್ಷ ಸಂಸಾರ ಮಾಡಿದವಳು ಚಾಚಿದ ಕೈ ಅದು, ಅವನಿಗೆ ಇಲ್ಲ ಅನ್ನಲಾಗಲಿಲ್ಲ. ಮಡಿಕೆಯನ್ನು ಅವಳ ಅಂಗೈಯಲ್ಲಿಟ್ಟು, ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಚೀಟಿ ಮುರಿಸಿದ್ದು, ಯೇಸುದಾಸಪ್ಪ ಹೇಳಿಕೊಟ್ಟದ್ದು, ಮೊದಲ ದಿನದ ಕಿಡಿ, ಆಮೇಲಿನ ಬಾವಿ, ಮಂಜುಳಮ್ಮನ ಕಾಗೆಕಾಲು. ಮರೆಮಾಚಿದ್ದಕ್ಕೆ ನನ್ನ ಹೆಸರನ್ನೂ ಸೇರಿಸಿದ.

"ಮೋಸ ಹೋದೆ ಕಣೇ ಕೆಂಚಿ. ಸಾಣೆ ಸರಿ ಇಲ್ಲ. ಸತ್ತೋದ ಹರಳು ಇದು. ನಿನ್ ಮೂಗಿಗೆ ಇದನ್ನ ಎಂಗ್ ಹಾಕ್ಲಿ" ಎಂದ.

ಅವ್ವ ಮಡಿಕೆ ಬಿಚ್ಚಿದಳು. ಹರಳು ನಿಜವಾಗಿಯೂ ಸತ್ತಂತೆ ಇತ್ತು, ಒಂದು ಚೂರು ಕಲ್ಲುಪ್ಪಿನ ಹಾಗೆ. ಅವಳು ಅದನ್ನು ಕಣ್ಣಿನ ಹತ್ತಿರ ಒಯ್ಯಲಿಲ್ಲ, ಮೂಗಿನ ಹತ್ತಿರ ಒಯ್ದಳು. ಮೂಸಿ ನೋಡಿದಳು. ಆಮೇಲೆ ಅಪ್ಪನ ಕೈಯನ್ನು ಎಳೆದುಕೊಂಡು ಅದನ್ನೂ ಮೂಸಿದಳು.

"ಬರೀ ಕೈಲಿ ಹಿಡ್ದು ನೋಡಿದ್ರಾ? ಎಂಟು ದಿನಾನೂ?"

ಹೌದು ಎಂದ. ಅವಳು ನಗಲು ಶುರುಮಾಡಿದಳು. ನಕ್ಕಳು, ಕೆಮ್ಮಿದಳು, ಕೆಮ್ಮಿನ ನಡುವೆಯೂ ನಕ್ಕಳು. ನರ್ಸು ಲೂರ್ದುಮೇರಿಯವರು ಓಡಿ ಬಂದು ಬೆನ್ನು ನೀವಿದರು. ಉಸಿರು ಸುಧಾರಿಸಿಕೊಂಡ ಮೇಲೆ ಅವ್ವ ನನ್ನ ಕಡೆ ತಿರುಗಿ, ಸಿಸ್ಟರ ಹತ್ತಿರ ಒಂದು ಲೋಟ ಬಿಸಿನೀರು ಇಸಕೊಂಡು ಸೋಪು ಕದಡು, ಇದನ್ನು ಅದರಲ್ಲಿ ಹಾಕು, ಬೆರಳಲ್ಲಿ ಮುಟ್ಟಬೇಡ, ನನ್ನ ಹಳೇ ಸೀರೆಯ ತುಂಡಿನಲ್ಲಿ ಹಿಡಿದು ಹಿಂಬದಿಯನ್ನು ಉಜ್ಜು ಎಂದಳು.

ಎನಾಮಲ್ ಲೋಟದಲ್ಲಿ ನಾನು ಹರಳನ್ನು ತೊಳೆದೆ. ನೊರೆಯ ನೀರು ಚೆಲ್ಲಿ ಬೇರೆ ನೀರು ಹಾಕಿ ಇನ್ನೊಂದು ಸಲ ತೊಳೆದೆ. ಬಟ್ಟೆಯಲ್ಲಿ ಎತ್ತಿ ಕಿಟಕಿಯ ಕಡೆ ಹಿಡಿದೆ. ಅತ್ತಿತ್ತ ತಿರುಗಿಸಿದಾಗ ಅದರ ಕಿಡಿಗಳು ಅವ್ವನ ಹೊದಿಕೆಯ ಮೇಲೆಲ್ಲ ಓಡಾಡಿದವು, ಕೆಂಪು, ನೀಲಿ, ಬಿಳಿ. ಲೂರ್ದುಮೇರಿಯವರು ಶಿಲುಬೆಯ ಗುರುತು ಹಾಕಿಕೊಂಡರು. ಅಪ್ಪ ಬಗ್ಗಿ ಬಗ್ಗಿ ನೋಡಿದ. ಕಾಗೆಕಾಲೂ ಇಲ್ಲ, ಬಾವಿಯೂ ಇಲ್ಲ, ಇದ್ದದ್ದು ಅವನ ಬೆರಳ ಗೆರೆಯ ಗಂಧದೆಣ್ಣೆ.

"ವಜ್ರಕ್ಕೆ ಜಿಡ್ಡು ಅಂದ್ರೆ ಪ್ರಾಣ ಕಣ್ರೀ. ಮುಟ್ಟಿದ್ ತಕ್ಷಣ ಮೆತ್ಕೊತದೆ. ನಂದೂ ವಾರ ಆಗೋದ್ರೊಳಗೆ ಅಂಗೇ ಮಂಕಾಗೋದು. ಶುಕ್ರವಾರ ತಲೆಗೆ ನೀರ್ ಹಾಕೋವಾಗ ಅಂಟುವಾಳದ ನೊರೇಲಿ ಉಜ್ತಿದ್ದೆ, ನೀವು ಯಾವತ್ ನೋಡಿದ್ರಿ" ಎಂದಳು. ಆಮೇಲೆ ಮೆಲ್ಲಗೆ, "ಊರಲ್ಲಿ ಎಲ್ಲಾರ್ನೂ ಕೇಳಿದ್ರಿ. ವಜ್ರ ಹಾಕೊಂಡಿದ್ದೋಳು ನಾನು. ನನ್ನ ಒಂದ್ ಮಾತು ಕೇಳಿದ್ರೆ ಆಗ್ತಿರ್ಲಿಲ್ವಾ?" ಎಂದಳು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಅಪ್ಪ ಅವಳ ಮಂಚದ ಸರಳಿಗೆ ಹಣೆ ಇಟ್ಟು ಕೂತುಬಿಟ್ಟ. ಎಂಟು ದಿನ ಹೋಗಿತ್ತು. ಈಗ ಹೋಗಿ ಶಾಮಣ್ಣನವರಿಗೆ ಕೊಟ್ಟರೆ ನಾಳೆ ಸಂಜೆಗೆ ಕೂರಿಸಿಕೊಡುತ್ತಾರೆ, ನಾಡಿದ್ದು ಹಬ್ಬಕ್ಕೆ ಹಾಕಿಕೋ ಎಂದ. ಅವ್ವ ಹೊದಿಕೆಯ ಮೇಲೆ ಸತ್ತುಹೋಗುತ್ತಿದ್ದ ಬಿಸಿಲನ್ನು ನೋಡಿದಳು. ಈಗಲೇ ಒಂದು ಸಲ ಇಟ್ಟು ನೋಡೋಣ ಎಂದಳು.

ಬಿಡಿ ಹರಳನ್ನು ಮೂಗಿಗೆ ಇಡುವುದು ಹೇಗೆ? ಅದಕ್ಕೂ ಅವಳೇ ದಾರಿ ತೋರಿಸಿದಳು. ದಿಂಬಿನ ಕೆಳಗಿನ ಕುಂಕುಮದ ಭರಣಿಯಲ್ಲಿ, ಹಣೆಗೆ ಕುಂಕುಮ ಹಿಡಿಯಲೆಂದು ಹಚ್ಚುವ ಮೇಣ ಇತ್ತಲ್ಲ. ನಾನು ಬೇವಿನ ಕಡ್ಡಿಯನ್ನು ತೆಗೆದು ಆ ಜಾಗಕ್ಕೆ ಒಂದು ಚೂರು ಮೇಣ ಒತ್ತಿದೆ. ಹರಳನ್ನು ನಾನೇ ಇಡಲು ಹೋದರೆ ಅವ್ವ ನನ್ನ ಕೈ ತಡೆದಳು.

"ಅವ್ರು ಇಡ್ಲಿ" ಎಂದಳು.

ಅಪ್ಪ ಎರಡೂ ಕೈ ಹಿಂದಕ್ಕೆ ಎಳೆದುಕೊಂಡ. ನನ್ನ ಕೈ ಬೇಡ, ಮತ್ತೆ ಮಂಕಾಗುತ್ತದೆ ಎಂದ. ನಿಮ್ಮ ಕೈಯೇ ಬೇಕು ಎಂದಳು. ಅವನು ಬೆರಳನ್ನು ಅಂಗಿಗೆ ಒರೆಸಿದ, ಮತ್ತೆ ಒರೆಸಿದ, ಹರಳನ್ನು ಎತ್ತಿ ಮೇಣದ ಮೇಲೆ ಒತ್ತಿದ. ಅವನ ಬೆರಳಿನ ಎಣ್ಣೆ ಮೇಲೆ, ಮೇಣ ಕೆಳಗೆ, ಕಿಡಿ ಆ ಕ್ಷಣವೇ ಆರಿತು. ಅವ್ವನ ಮೂಗಿನಲ್ಲಿ ಮಿಂಚೂ ಇಲ್ಲ, ಬಣ್ಣವೂ ಇಲ್ಲ, ಒಂದು ಬಿಳಿ ಚುಕ್ಕೆ.

"ಎಂಗೈತೆ?" ಎಂದು ಕೇಳಿದಳು.

ಎದೆಯ ಜೇಬಿನಲ್ಲಿ ಭೂತಗನ್ನಡಿ ಇತ್ತು. ಜೀವಮಾನದಲ್ಲಿ ಒಂದು ಗಡಿಗೆಯನ್ನೂ ನಂಬದಿದ್ದ ಮನುಷ್ಯ ಅದನ್ನು ತೆಗೆಯಲಿಲ್ಲ. ಚೆನ್ನಾಗೈತೆ ಎಂದ.

"ಸುಳ್ ಹೇಳ್ಬೇಡಿ, ಮಂಕಾಗಿರ್ತದೆ. ಇರ್ಲಿ ಬುಡಿ, ಶುಕ್ರವಾರ ತೊಳ್ಕೋತೀನಿ" ಎಂದಳು ಅವ್ವ.

ಐದು ಗಂಟೆಯ ಗಂಟೆ ಹೊಡೆಯಿತು. ಹರಳನ್ನು ಕೂರಿಸಲು ಕೊಡಬೇಕಾಗಿತ್ತು. ಇವತ್ತೊಂದು ರಾತ್ರಿ ಇರಲಿ, ನಾಳೆ ಬೆಳಿಗ್ಗೆ ಒಯ್ಯಿರಿ ಎಂದು ಅವಳು ಕೇಳಿದಳು. ಅಪ್ಪ ದೀಪ ಹಚ್ಚುವುದರೊಳಗೆ ಅಗ್ರಹಾರಕ್ಕೆ ಹೋಗಿ, ಹರಳು ನಮ್ಮ ಮನೆಗೆ ಆಗಿ ಬಂದಿದೆ, ಇಟ್ಟುಕೊಳ್ಳುತ್ತೇವೆ ಎಂದು ಶಾಮಣ್ಣನವರಿಗೆ ಹೇಳಿ ಬಂದ. ಅಂದು ಅವನು ಹೊಟ್ಟೆ ತುಂಬ ಉಂಡ.

ಗುರುವಾರ ಬೆಳಕು ಹರಿಯುವ ಮುಂಚೆ ಆಸ್ಪತ್ರೆಯ ಜವಾನ ಬಂದು ಕದ ಬಡಿದ. ನಾವು ಹೋದಾಗ ಅವ್ವನ ಮುಖ ಮುಚ್ಚಿದ್ದರು. ಲೂರ್ದುಮೇರಿಯವರು ಹರಳನ್ನು ಮೇಣದ ಸಮೇತ ತೆಗೆದು ಕಾಗದದಲ್ಲಿ ಮಡಿಚಿ ಇಟ್ಟಿದ್ದರು, ಅಪ್ಪನ ಕೈಗೆ ಕೊಟ್ಟರು.

ಅಪ್ಪ ಆಮೇಲೆ ಹನ್ನೆರಡು ವರ್ಷ ಬದುಕಿದ. ಯೇಸುದಾಸಪ್ಪ ಯಾತ್ರೆಯಿಂದ ಬಂದ ಮೇಲೆ ಹರಳನ್ನು ನೋಡಿ, ಇಂಥ ಸಾಣೆ ನೂರಕ್ಕೆ ಒಂದಕ್ಕೂ ಬೀಳುವುದಿಲ್ಲ ಎಂದರು, ಅದನ್ನು ನನ್ನ ಮೂಗಿಗೆ ಕೂರಿಸಿದವರೂ ಅವರೇ. ಅಪ್ಪ ಅದನ್ನು ಮತ್ತೆ ಮುಟ್ಟಲಿಲ್ಲ. ಗಡಿಗೆಯನ್ನು ಬಡಿದು ನೋಡುವುದನ್ನೂ ಬಿಟ್ಟ. ಕುಂಬಾರ ಕೊಟ್ಟದ್ದನ್ನು ಹಾಗೇ ಹೊತ್ತು ತರುತ್ತಿದ್ದ, ಎಷ್ಟೋ ಗಡಿಗೆ ಸೋರಿದವು.

ನನ್ನ ಕಣ್ಣ ಮುಂದಿರುವುದು ಆ ಶುಕ್ರವಾರ. ಅವ್ವನನ್ನು ಮಣ್ಣು ಮಾಡಿ ಬಂದ ಮಾರನೇ ದಿನ. ಎಲ್ಲರ ಮನೆಯಲ್ಲೂ ಗೌರಿ ಕೂತಿದ್ದಳು, ಸೂತಕದ ನಮ್ಮ ಮನೆಯಲ್ಲಿ ಒಲೆಯೂ ಹತ್ತಿರಲಿಲ್ಲ. ಎದ್ದು ನೋಡಿದರೆ ಅಪ್ಪ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ನೀರು ಕಾಯಿಸುತ್ತಿದ್ದ. ಪಕ್ಕದಲ್ಲಿ ಜಜ್ಜಿದ ಅಂಟುವಾಳದ ಕಾಯಿ. ಮಡಿಕೆಯನ್ನು ಕಟ್ಟೆಯ ಮೇಲಿಟ್ಟು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರ ಹೋಗಿ ನಿಂತ.

"ನಿಮ್ಮವ್ವ ಶುಕ್ರವಾರ ತೊಳ್ಕೋತೀನಿ ಅಂದಿದ್ಲು. ತೊಳಿ" ಎಂದ.